ಕೃಷಿ ಹೊಂಡದ ಗುತ್ತಿಗೆ: ಹಣ ಕೊಡುವ ಮುನ್ನ ಅಳೆದು ನೋಡಿ

(ರೈತರ ತರಬೇತಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಪಾಠ)



ಮಳೆಯಾಶ್ರಿತ ಬೇಸಾಯದಲ್ಲಿ ಕೃಷಿ ಹೊಂಡದ ಉಪಯುಕ್ತತೆಯನ್ನು ಕುರಿತು ಹೆಚ್ಚು ಹೇಳಬೇಕಾದ ಅಗತ್ಯವಿಲ್ಲ. ಕರ್ನಾಟಕದಲ್ಲಿ 2014-15 ರಲ್ಲಿ ‘ಕೃಷಿ ಭಾಗ್ಯ’ ಯೋಜನೆ ಪ್ರಾರಂಭವಾದ ಮೇಲೆ ಬಯಲುಸೀಮೆಯಲ್ಲಿ ಹೊಂಡವೆಂದರೆ ಏನೆಂದು ಕೇಳುವವರು ಯಾರೂ ಉಳಿದಿಲ್ಲ. ಆದರೆ ಆ ಹೊಂಡವನ್ನು ಯಾರ ಕೈಯಿಂದ, ಯಾವ ಕರಾರಿನ ಮೇಲೆ, ಹೇಗೆ ಅಳೆದು ತೆಗೆಸಬೇಕು ಎಂಬುದನ್ನು ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ. ಇಂದಿನ ಮಾತು ಈ ವಿಷಯಕ್ಕೆ ಸೀಮಿತವಾದದ್ದು.

ಬೀಜ, ಗೊಬ್ಬರ, ಎತ್ತು ಕೊಳ್ಳುವುದರಲ್ಲಿ ರೈತ ಜಾಣ. ಎತ್ತಿನ ಹಲ್ಲು ನೋಡದೆ, ಸುಳಿ ನೋಡದೆ ಹಗ್ಗ ಹಿಡಿಯುವವನಲ್ಲ. ಏಕೆಂದರೆ ಆ ವ್ಯಾಪಾರವನ್ನು ಅವನು ವರ್ಷ ವರ್ಷವೂ ಮಾಡುತ್ತಾನೆ. ಹೊಂಡದ ವಿಷಯ ಹಾಗಲ್ಲ. ರೈತ ಹೊಂಡ ತೆಗೆಸುವುದು ಬಾಳಿನಲ್ಲಿ ಒಂದು ಸಲ. ಗುತ್ತಿಗೆದಾರ ಬೇಸಿಗೆಯಲ್ಲಿ ಒಂದರ ಹಿಂದೆ ಒಂದು ಹೊಂಡ ತೆಗೆಯುತ್ತಾನೆ. ಒಬ್ಬನಿಗೆ ಅದು ಮೊದಲ ಅನುಭವ, ಇನ್ನೊಬ್ಬನಿಗೆ ಅದು ದಿನನಿತ್ಯದ ಕಸುಬು. ತಕರಾರುಗಳೆಲ್ಲ ಹುಟ್ಟುವುದು ಈ ವ್ಯತ್ಯಾಸದಿಂದಲೇ.

ಊರೂರಲ್ಲಿ ಸಿಗುವ ಕಥೆ

ತಿಳಿವಳಿಕೆಗಾಗಿ ಒಂದು ರೈತ ಕುಟುಂಬವನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಹೆಸರು ಬೇಡ, ಇಂಥ ಕುಟುಂಬ ಯಾವ ಊರಿನಲ್ಲಾದರೂ ಸಿಗುತ್ತದೆ. ನಾಲ್ಕು ಎಕರೆ ಕೆಂಪು ಭೂಮಿ. ರಾಗಿ, ಅವರೆ, ತೊಗರಿ ಬೆಳೆ. ರಾಗಿ ತೆನೆ ಹೊರಡುವ ಕಾಲಕ್ಕೆ ಮಳೆ ಕೈಕೊಡುವುದನ್ನು ಎರಡು ವರ್ಷ ನೋಡಿ ಬೇಸತ್ತ ಗಂಡ ಹೆಂಡತಿ, 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ ತೆಗೆಸಲು ನಿಶ್ಚಯಿಸಿದರು.

ಯುಗಾದಿ ಕಳೆದ ವಾರದಲ್ಲಿ ಗುತ್ತಿಗೆದಾರ ಬಂದ. ಹೊಲವನ್ನು ಒಂದು ಸುತ್ತು ಹಾಕಿ, “ಎಂಟು ದಿನದ ಕೆಲ್ಸ ಯಜಮಾನ್ರೇ. ನೀವೇನೂ ತಲೆ ಕೆಡಿಸ್ಕೋಬೇಡಿ” ಎಂದ. ಘನ ಮೀಟರಿಗೆ 60 ರೂಪಾಯಿಯಂತೆ ಮಾತಾಯಿತು. (ಈ ದರ ಲೆಕ್ಕಕ್ಕಾಗಿ ಹಿಡಿದದ್ದು. ನಿಜವಾದ ದರ ಮಣ್ಣು, ಊರು ಮತ್ತು ಡೀಸೆಲ್ ಬೆಲೆಯನ್ನು ಅನುಸರಿಸಿ ಬದಲಾಗುತ್ತದೆ.) ಕಾಗದ ಪತ್ರ ಏನೂ ಇಲ್ಲ. ಮುಂಗಡವಾಗಿ 40,000 ರೂಪಾಯಿ ಕೈ ಸೇರಿತು.

ಯಂತ್ರ ಬಂದದ್ದು ಇಪ್ಪತ್ತು ದಿನಗಳ ನಂತರ. ಎರಡು ದಿನ ಅಗೆದು, ಡೀಸೆಲ್ಲಿಗೆಂದು ಇನ್ನೂ 25,000 ರೂಪಾಯಿ ಪಡೆದು, “ಪಕ್ಕದೂರಲ್ಲಿ ಅರ್ಧ ದಿನದ ಕೆಲ್ಸ ಐತೆ” ಎಂದು ಹೋದದ್ದು ವಾರ ಕಳೆದರೂ ಬರಲಿಲ್ಲ. ದೂರವಾಣಿ ಮಾಡಿದರೆ ಒಮ್ಮೆ ಚಾಲಕನಿಗೆ ಜ್ವರ, ಒಮ್ಮೆ ಯಂತ್ರದ ಪೈಪು ಒಡೆದಿದೆ, ಆಮೇಲೆ ಗಂಟೆ ಬಾರಿಸಿದರೂ ಉತ್ತರವಿಲ್ಲ. ಅಷ್ಟರಲ್ಲಿ ಭರಣಿ ಮಳೆ ಬಿತ್ತು. ಉಳಿದವರಿಗೆ ಸಂತೋಷ ತಂದ ಮಳೆ ಇವರ ಅರ್ಧ ಗುಂಡಿಯಲ್ಲಿ ಕೆಸರಾಗಿ ನಿಂತಿತು, ಒಂದು ಬದಿಯ ಮಣ್ಣು ಕುಸಿಯಿತು.

ರೋಹಿಣಿ ಮಳೆಯ ಹೊತ್ತಿಗೆ ಯಂತ್ರ ಮತ್ತೆ ಬಂದು, ಹೇಗೋ ಕೆಲಸ ಮುಗಿಸಿತು. ಗುತ್ತಿಗೆದಾರ ಲೆಕ್ಕ ಹೇಳಿದ: “21, 21, 3. ಒಟ್ಟು 1,323 ಘನ ಮೀಟರ್. 79,380 ರೂಪಾಯಿ. ಕೊಟ್ಟದ್ದು 65,000. ಬಾಕಿ 14,380.”

ಯಜಮಾನ ಹಣ ತರಲು ಮನೆಯ ಕಡೆ ತಿರುಗಿದ. ಆದರೆ ಮನೆಯಾಕೆ ಬಾವಿಯ ಹಗ್ಗವನ್ನು ತಂದಿದ್ದಳು. ಟೇಪಿನಿಂದ ಅಳೆದು ಅರ್ಧ ಮೀಟರಿಗೆ ಒಂದರಂತೆ ಗಂಟು ಹಾಕಿಟ್ಟಿದ್ದಳು. ಗುಂಡಿಯ ಈ ಬದಿಯ ನೆಲದಿಂದ ಆ ಬದಿಯ ನೆಲಕ್ಕೆ ಒಂದು ದಾರ ಬಿಗಿದು, ನಡುವಿನಿಂದ ಕಲ್ಲು ಕಟ್ಟಿದ ಹಗ್ಗವನ್ನು ಇಳಿಬಿಟ್ಟಳು. ಆರು ಗಂಟು ಇಳಿಯಬೇಕಾದಲ್ಲಿ ಇಳಿದದ್ದು ಐದೇ ಗಂಟು. ಆಳ ಎರಡೂವರೆ ಮೀಟರ್.

“ಅಕ್ಕಾ, ಏರಿ ಸೇರಿಸಿ ಅಳೀಬೇಕು” ಎಂದ ಗುತ್ತಿಗೆದಾರ.

“ಏರಿ ಮಟ್ಟಕ್ಕೆ ನೀರು ನಿಲ್ತದೇನಪ್ಪಾ? ಕಾಲುವೆ ಬರೋದು ನೆಲದ ಮಟ್ಟಕ್ಕಲ್ವಾ?” ಎಂದಳು ಆಕೆ.

ಆಕೆಯ ಮಾತು ನೂರಕ್ಕೆ ನೂರು ಸರಿ. ಆದರೆ ಅದು ಬಂದದ್ದು ತಡವಾಗಿ.

ಅಳತೆಯಲ್ಲಿ ಆಗುವ ನಷ್ಟ

ಹೊಂಡದ ಗೋಡೆ ನೆಟ್ಟಗೆ ಇರುವುದಿಲ್ಲ. ನೆಟ್ಟಗೆ ತೆಗೆದರೆ ಮಣ್ಣು ಕುಸಿಯುತ್ತದೆ. ಆದುದರಿಂದ ಗಟ್ಟಿಯಾದ ಕೆಂಪು ಮಣ್ಣಿನಲ್ಲಿ ಒಂದು ಮೀಟರ್ ಆಳಕ್ಕೆ ಒಂದು ಮೀಟರಿನಂತೆ ಇಳಿಜಾರು ಕೊಡಬೇಕು. ಕಪ್ಪು ಮಣ್ಣಿನಲ್ಲಿ ಇಳಿಜಾರು ಇನ್ನೂ ಹೆಚ್ಚು, ಒಂದಕ್ಕೆ ಒಂದೂವರೆಯಾದರೂ ಇರಬೇಕು. ಹೀಗೆ ಇಳಿಜಾರು ಕೊಟ್ಟಾಗ ಮೇಲೆ 21 ಮೀಟರ್ ಇರುವ ಹೊಂಡ 3 ಮೀಟರ್ ಕೆಳಗೆ 15 ಮೀಟರ್ ಮಾತ್ರ ಇರುತ್ತದೆ. ಉದ್ದ, ಅಗಲ, ಆಳಗಳನ್ನು ಸುಮ್ಮನೆ ಗುಣಿಸಿದರೆ ತೆಗೆಯದ ಮಣ್ಣಿಗೂ ಹಣ ಕೊಟ್ಟಂತಾಗುತ್ತದೆ.

ಸರಿಯಾದ ಲೆಕ್ಕ ಹೀಗಿದೆ. ಮೇಲ್ಭಾಗದ ವಿಸ್ತೀರ್ಣ, ತಳದ ವಿಸ್ತೀರ್ಣ, ನಡುಮಟ್ಟದ ವಿಸ್ತೀರ್ಣದ ನಾಲ್ಕರಷ್ಟು, ಈ ಮೂರನ್ನೂ ಕೂಡಿ, ಆಳದಿಂದ ಗುಣಿಸಿ, ಆರರಿಂದ ಭಾಗಿಸಬೇಕು.

ಮೇಲೆ 21 × 21 = 441. ನಡುವೆ 18 × 18 = 324; ಅದರ ನಾಲ್ಕರಷ್ಟು 1,296. ತಳದಲ್ಲಿ 15 × 15 = 225. ಒಟ್ಟು 1,962. ಇದನ್ನು 3 ರಿಂದ ಗುಣಿಸಿ 6 ರಿಂದ ಭಾಗಿಸಿದರೆ 981 ಘನ ಮೀಟರ್. ಬ್ರಾಸ್ ಲೆಕ್ಕ ಹಿಡಿಯುವವರಿಗೆ ಇದು ಸುಮಾರು 346 ಬ್ರಾಸ್. ಗುತ್ತಿಗೆದಾರ ಹೇಳಿದ 1,323 ಕ್ಕೂ ಇದಕ್ಕೂ ಇರುವ ಅಂತರ 342 ಘನ ಮೀಟರ್.

ಈ ಕುಟುಂಬದ ಹೊಂಡ ಅಷ್ಟೂ ಆಗಲಿಲ್ಲ. ಆಳ ಎರಡೂವರೆ ಮೀಟರ್ ಇದ್ದು ತಳ 16 ಮೀಟರ್ ಇದ್ದಾಗ ಇದೇ ಲೆಕ್ಕದಿಂದ ಬರುವುದು ಸುಮಾರು 861 ಘನ ಮೀಟರ್. 60 ರೂಪಾಯಿಯಂತೆ ಅದರ ಕೂಲಿ 51,660 ರೂಪಾಯಿ. ಅಳೆದು ನೋಡುವ ಹೊತ್ತಿಗೆ ಅವರು ಕೊಟ್ಟಿದ್ದು 65,000. ಅಂದರೆ ಬಾಕಿ ಕೊಡುವುದಿರಲಿ, ಆಗಲೇ 13,340 ರೂಪಾಯಿ ಹೆಚ್ಚಿಗೆ ಹೋಗಿತ್ತು. ಬಾಕಿಯನ್ನು ಹಿಡಿದುಕೊಂಡರೂ ಗುತ್ತಿಗೆದಾರನಿಗೆ ಹೆದರಿಕೆಯಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತಾಯಿತು.

ಹಣಕ್ಕಿಂತಲೂ ದೊಡ್ಡ ನಷ್ಟ ನೀರಿನದು. ಅರ್ಧ ಮೀಟರ್ ಆಳ ಕಡಿಮೆಯಾದುದರಿಂದ ಕೈ ತಪ್ಪಿದ ನೀರು 120 ಘನ ಮೀಟರ್, ಎಂದರೆ 1,20,000 ಲೀಟರ್. ಒಂದು ಎಕರೆಗೆ 5 ಸೆಂಟಿಮೀಟರ್ ನೀರು ಕೊಡಲು ಸುಮಾರು 200 ಘನ ಮೀಟರ್ ಬೇಕು. ಈ ಪ್ರಕಾರ ಪ್ರತಿ ಸಲ ಹೊಂಡ ತುಂಬಿದಾಗಲೂ ಅರ್ಧ ಎಕರೆಗಿಂತ ಹೆಚ್ಚಿನ ರಾಗಿಗೆ ಒಂದು ರಕ್ಷಣಾತ್ಮಕ ನೀರಾವರಿ ತಪ್ಪಿಹೋಗುತ್ತದೆ. ಹಣವನ್ನು ಒಂದು ಸಲ ಕಳೆದುಕೊಂಡರೆ ಆಯಿತು. ಈ ನೀರನ್ನು ಮಾತ್ರ ಹೊಂಡ ಇರುವಷ್ಟು ವರ್ಷವೂ ಕಳೆದುಕೊಳ್ಳುತ್ತಿರಬೇಕು.

ಟ್ರ್ಯಾಕ್ಟರ್ ಲೋಡುಗಳನ್ನು ಎಣಿಸಿ ಹಣ ಕೊಡುವ ಪದ್ಧತಿಯೂ ಕೆಲವೆಡೆ ಇದೆ. ಇದು ಸರಿಯಲ್ಲ. ನೆಲದಿಂದ ಅಗೆದ ಮಣ್ಣು ಸಡಿಲಗೊಂಡು ಶೇಕಡ 20 ರಿಂದ 30 ರಷ್ಟು ಉಬ್ಬುತ್ತದೆ. ಆದುದರಿಂದ ಯಾವಾಗಲೂ ಗುಂಡಿಯನ್ನು ಅಳೆಯಬೇಕು, ಗುಡ್ಡೆಯನ್ನಲ್ಲ.

ಗಂಟೆಯ ಬಾಡಿಗೆಯೋ, ಅಳತೆಯ ಗುತ್ತಿಗೆಯೋ?

ಎರಡೂ ಪದ್ಧತಿಗಳಲ್ಲಿ ಗುಣದೋಷಗಳಿವೆ. ಗಂಟೆಯ ಬಾಡಿಗೆಯಲ್ಲಿ ಚಾಲಕ ನಿಧಾನ ಮಾಡಿದಷ್ಟೂ ಮಾಲೀಕನಿಗೆ ಲಾಭ. ಯಂತ್ರ ಸುಮ್ಮನೆ ನಿಂತು ಇಂಜಿನ್ ಓಡುತ್ತಿದ್ದರೂ ಅದರ ಗಂಟೆ ಮಾಪಕ ಮುಂದೆ ಹೋಗುತ್ತಿರುತ್ತದೆ. ಅಳತೆಯ ಗುತ್ತಿಗೆಯಲ್ಲಿ ಆತುರ ಹೆಚ್ಚು. ಇಳಿಜಾರು, ಮೂಲೆ, ತಳದ ಮಟ್ಟ ಇವೆಲ್ಲ ಒರಟಾಗಿ ಉಳಿಯುತ್ತವೆ.

ಹೊಂಡಕ್ಕೆ ಅಳತೆಯ ಗುತ್ತಿಗೆಯೇ ಮೇಲು. ಏಕೆಂದರೆ ಮುಗಿದ ಕೆಲಸವನ್ನು ರೈತನೇ ಅಳೆದು ನೋಡಬಹುದು. ಗಂಟೆಯ ಬಾಡಿಗೆಯನ್ನು ಗೊತ್ತುಮಾಡುವುದಾದರೆ ಪ್ರತಿದಿನ ಕೆಲಸ ಪ್ರಾರಂಭವಾಗುವಾಗ ಮತ್ತು ನಿಲ್ಲುವಾಗ ಮಾಪಕದ ಅಂಕಿಯನ್ನು ಬರೆದುಕೊಂಡು ಚಾಲಕನ ರುಜು ಪಡೆಯಬೇಕು. ಊಟದ ವಿರಾಮ ಮತ್ತು ರಿಪೇರಿಯ ವೇಳೆಯಲ್ಲಿ ಇಂಜಿನ್ ನಿಲ್ಲಿಸಬೇಕೆಂದು ಮೊದಲೇ ಹೇಳಬೇಕು.

ಅಗೆಯುವ ಮುನ್ನ ಮಾಡಬೇಕಾದ ಕೆಲಸ

1. ಪರೀಕ್ಷಾ ಗುಂಡಿ: ಹೊಂಡದ ಜಾಗದಲ್ಲಿ ಎರಡು ಮೂರು ಕಡೆ ಗುಂಡಿ ತೆಗೆದು ಕೆಳಗೆ ಏನಿದೆಯೆಂದು ನೋಡಬೇಕು. ಅರ್ಧ ಆಳಕ್ಕೆ ಹೋದ ಮೇಲೆ “ಬಂಡೆ ಬಂತು, ದರ ಹೆಚ್ಚಿಸಿ” ಎಂಬ ಮಾತು ತೀರ ಸಾಮಾನ್ಯವಾದದ್ದು. ಕೆಲವೊಮ್ಮೆ ಅದು ನಿಜವೂ ಹೌದು. ಮೆದು ಮಣ್ಣು, ಗಟ್ಟಿ ಗರಸು, ಬಂಡೆ ಇವುಗಳಿಗೆ ಬೇರೆ ಬೇರೆ ದರವನ್ನು ಮೊದಲೇ ಗೊತ್ತುಮಾಡಿದ್ದರೆ ಜಗಳಕ್ಕೆ ಎಡೆಯಿಲ್ಲ.

2. ಜಾಗದ ಆಯ್ಕೆ: ಯಂತ್ರ ಬರಲು ಅನುಕೂಲವಾದ ಜಾಗವನ್ನು ಗುತ್ತಿಗೆದಾರ ತೋರಿಸುತ್ತಾನೆ. ನೀರು ಬರಲು ಅನುಕೂಲವಾದ ಜಾಗವನ್ನು ರೈತ ಆರಿಸಬೇಕು. ಜೋರು ಮಳೆಯಲ್ಲಿ ಹೊಲದ ನೀರು ಎಲ್ಲಿ ಸೇರಿ ಎಲ್ಲಿಂದ ಹೊರಗೆ ಹೋಗುತ್ತದೆಂಬುದು ಅವನಿಗಿಂತ ಚೆನ್ನಾಗಿ ಬೇರೆಯವರಿಗೆ ತಿಳಿಯದು.

3. ಗುರುತು ಹಾಕುವುದು: ನಾಲ್ಕು ಮೂಲೆಗೂ ಗೂಟ ಹೊಡೆದು ಸುಣ್ಣದ ಗೆರೆ ಎಳೆಯಬೇಕು. 21 ಮೀಟರ್ ಚೌಕದ ಎರಡೂ ಕರ್ಣಗಳು ಸಮನಾಗಿ 29.7 ಮೀಟರ್ ಬಂದರೆ ಚೌಕ ಸರಿಯಾಗಿದೆ ಎಂದರ್ಥ. ತಳದ ಗೆರೆಯನ್ನೂ ಒಳಗಡೆ ಗುರುತು ಮಾಡಬೇಕು. ನೆಲದ ಮಟ್ಟವನ್ನು ತೋರಿಸುವ ಒಂದು ಕಲ್ಲನ್ನು, ಮಣ್ಣು ಬೀಳದ ಸ್ಥಳದಲ್ಲಿ ಹುಗಿದಿಡಬೇಕು. ಆಳವನ್ನು ಆ ಕಲ್ಲಿನ ಮಟ್ಟದಿಂದಲೇ ಅಳೆಯತಕ್ಕದ್ದು, ಏರಿಯ ತಲೆಯಿಂದಲ್ಲ.

4. ಮೇಲ್ಮಣ್ಣು: ಮೇಲಿನ 20 ಸೆಂಟಿಮೀಟರ್ ಮಣ್ಣು ಹೊಲದ ಸಾರ. 21 ಮೀಟರ್ ಚೌಕದಲ್ಲಿ ಇದು ಸುಮಾರು 88 ಘನ ಮೀಟರ್ ಆಗುತ್ತದೆ. ಇದನ್ನು ಬೇರೆಯಾಗಿ ಗುಡ್ಡೆ ಹಾಕಿಸಿ ಹೊಲಕ್ಕೆ ಹರಡಿಸಬೇಕು. ಹೇಳದಿದ್ದರೆ ಯಂತ್ರದವನು ಅದನ್ನು ಅಡಿಗೆ ಹಾಕಿ ಮೇಲೆ ಗರಸು ಸುರಿಯುತ್ತಾನೆ.

ಹೊದಿಕೆ ಹಾಳೆಯ ವಿಷಯ

ಕೆಂಪು ಮಣ್ಣಿನಲ್ಲಿ ನೀರು ಇಂಗಿಹೋಗದಂತೆ ಹಾಳೆ ಹೊದಿಸುವುದು ಅವಶ್ಯಕ. ಬಹುಮಟ್ಟಿಗೆ ಅಗೆಯುವವನೊಬ್ಬ, ಹಾಳೆ ಹಾಕುವವನೊಬ್ಬ. ಹಾಳೆ ಹರಿದರೆ “ತಳದಲ್ಲಿ ಕಲ್ಲು ಬಿಟ್ಟಿದ್ದಾರೆ” ಎಂದು ಇವನು, “ಹಾಳೆಯೇ ತೆಳು” ಎಂದು ಅವನು ಹೇಳುತ್ತಾರೆ. ಆದ ಕಾರಣ ಹಾಳೆ ಹಾಸುವ ಮುನ್ನ ಇಬ್ಬರನ್ನೂ ಹೊಂಡದ ಬಳಿ ನಿಲ್ಲಿಸಿ, ತಳ ಮತ್ತು ಬದಿಗಳಲ್ಲಿ ಚೂಪು ಕಲ್ಲು, ಬೇರು ಯಾವುದೂ ಇಲ್ಲವೆಂದು ಒಪ್ಪಿಸಿಕೊಳ್ಳಬೇಕು.

ಹಾಳೆಯ ಅಳತೆಯನ್ನು ರೈತನೇ ಲೆಕ್ಕ ಹಾಕಬಹುದು. 15 ಮೀಟರ್ ತಳ, ಎರಡು ಬದಿಯ ಇಳಿಜಾರು ಸೇರಿ ಸುಮಾರು 8.5 ಮೀಟರ್, ಮೇಲೆ ಕಾಲುವೆ ತೋಡಿ ಹುಗಿಯಲು ಬದಿಗೊಂದರಂತೆ 2 ಮೀಟರ್, ಒಟ್ಟು 25.5 ಮೀಟರ್. ಇಷ್ಟೇ ಉದ್ದ, ಇಷ್ಟೇ ಅಗಲದ ಹಾಳೆ 650 ಚದರ ಮೀಟರ್ ಆಗುತ್ತದೆ.

ಹಾಳೆಯ ದಪ್ಪವನ್ನು ಕಣ್ಣಿನಿಂದ ತಿಳಿಯಲಾಗದು, ತಕ್ಕಡಿಯಿಂದ ತಿಳಿಯಬಹುದು. 500 ಮೈಕ್ರಾನ್ ದಪ್ಪದ ಎಚ್.ಡಿ.ಪಿ.ಇ. ಹಾಳೆ ಚದರ ಮೀಟರಿಗೆ ಸುಮಾರು 470 ಗ್ರಾಂ ತೂಗುತ್ತದೆ. 300 ಮೈಕ್ರಾನ್ ಹಾಳೆ 280 ಗ್ರಾಂ ಮಾತ್ರ. 650 ಚದರ ಮೀಟರಿನ ಹಾಳೆ ಮೊದಲನೆಯದಾದರೆ ಸುಮಾರು 305 ಕಿಲೋ, ಎರಡನೆಯದಾದರೆ ಸುಮಾರು 183 ಕಿಲೋ. ನೇಯ್ದು ಲೇಪಿಸಿದ ಹಾಳೆಯಲ್ಲಿ ಈ ತೂಕ ಸ್ವಲ್ಪ ವ್ಯತ್ಯಾಸವಾಗುವುದರಿಂದ, ತಯಾರಕರು ನಮೂದಿಸಿದ ಚದರ ಮೀಟರ್ ತೂಕದೊಂದಿಗೆ ಹೋಲಿಸಬೇಕು. ಇಂಥ ನೇಯ್ದ ಹಾಳೆಗಳಿಗೆ ಐ.ಎಸ್. 15351 ಎಂಬ ಭಾರತೀಯ ಮಾನಕವಿದೆ. ಬಿಲ್ಲಿನಲ್ಲಿ ಮಾನಕದ ಸಂಖ್ಯೆ, ದಪ್ಪ, ಅಳತೆ ಮತ್ತು ಖಾತರಿಯ ಅವಧಿ ನಮೂದಾಗಿರಬೇಕು.

ಹಾಳೆಯನ್ನು ಗಾಳಿಯಿಲ್ಲದ ಬೆಳಗಿನ ಹೊತ್ತಿನಲ್ಲಿ, ಬಿಗಿಯಾಗಿ ಎಳೆಯದೆ ಸಡಿಲವಾಗಿ ಹಾಸಬೇಕು. ಬೆಸುಗೆಯ ಜೋಡಣೆಗಳನ್ನು ಮಡಿಸುವ ಮುನ್ನವೇ ಒಂದೊಂದಾಗಿ ಪರೀಕ್ಷಿಸಬೇಕು. ಹಾಸಿದ ಮೇಲೆ ತಳದಲ್ಲಿ ಸ್ವಲ್ಪವಾದರೂ ನೀರು ನಿಲ್ಲಿಸಿದರೆ ಗಾಳಿಗೆ ಹಾಳೆ ಏಳುವುದಿಲ್ಲ.

ಹಣ ಕೊಡುವ ಕ್ರಮ

ಕೆಲಸ ಮುಂದೆ, ಹಣ ಹಿಂದೆ. ಇದೇ ಮುಖ್ಯ ಸೂತ್ರ. ಹಲವು ಗುತ್ತಿಗೆದಾರರು ಹೊಸ ಊರಿನ ಮುಂಗಡದಿಂದ ಹಳೆಯ ಊರಿನ ಕೆಲಸ ಮುಗಿಸುತ್ತಾರೆ. ಮುಂಗಡ ದೊಡ್ಡದಾದಷ್ಟೂ ಯಂತ್ರ ಬೇರೆ ಕಡೆ ಹೋಗುವ ಸಂಭವ ಹೆಚ್ಚು. ಈ ಕೆಳಗಿನ ಕ್ರಮ ಇಬ್ಬರಿಗೂ ನ್ಯಾಯವಾದದ್ದು:

- ಯಂತ್ರ ಹೊಲಕ್ಕೆ ಬಂದು ಕೆಲಸ ಪ್ರಾರಂಭಿಸಿದ ದಿನ, ಡೀಸೆಲ್ಲಿಗಾಗಿ, ನೂರಕ್ಕೆ 10 ಭಾಗ.
- ಅರ್ಧ ಆಳ ಮುಗಿದಾಗ 35 ಭಾಗ.
- ಪೂರ್ಣ ಆಳ, ಇಳಿಜಾರು, ಮೂಲೆ ಸರಿಯಾಗಿ, ಇಬ್ಬರೂ ಕೂಡಿ ಅಳೆದ ಮೇಲೆ 35 ಭಾಗ.
- ನೀರು ಬರುವ ಕಾಲುವೆ, ಹೂಳು ತಡೆಯುವ ಗುಂಡಿ, ಕೋಡಿ ಇವು ಮುಗಿದ ಮೇಲೆ ಉಳಿದ 20 ಭಾಗ.

ಕೊನೆಯ ಇಪ್ಪತ್ತು ಭಾಗ ಬಹು ಮುಖ್ಯ. ಗುಂಡಿ ಆದೊಡನೆ ಕೆಲಸವಾಯಿತೆಂದು ಯಂತ್ರ ಹೊರಡುತ್ತದೆ. ಕೋಡಿಯಿಲ್ಲದ ಹೊಂಡ ಮೊದಲ ದೊಡ್ಡ ಮಳೆಗೆ ಏರಿ ಕೊರೆದುಕೊಳ್ಳುತ್ತದೆ. ಹೂಳುಗುಂಡಿಯಿಲ್ಲದ ಹೊಂಡ ವರ್ಷ ವರ್ಷವೂ ಮಣ್ಣು ತುಂಬಿಕೊಳ್ಳುತ್ತದೆ.

ಕರಾರನ್ನು ಬಿಳಿ ಹಾಳೆಯ ಮೇಲಾದರೂ ಬರೆದಿಡಬೇಕು. ಮೇಲಿನ ಮತ್ತು ತಳದ ಅಳತೆ, ಆಳ, ಇಳಿಜಾರು, ಮಣ್ಣಿನ ದರಗಳು, ಪ್ರಾರಂಭದ ಮತ್ತು ಮುಗಿಸುವ ದಿನಾಂಕ, ನಡುವೆ ಯಂತ್ರ ಹೊರಗೆ ಹೋಗಕೂಡದೆಂಬ ಮಾತು, ಹಣದ ಕಂತು, ಇಬ್ಬರು ಸಾಕ್ಷಿಗಳ ರುಜು, ಇಷ್ಟಿದ್ದರೆ ಸಾಕು. ಬಾಯಿಮಾತಿನ ಕರಾರಿಗೂ ಕಾನೂನಿನಲ್ಲಿ ಬೆಲೆಯುಂಟು. ಆದರೆ ಅದನ್ನು ರುಜುವಾತು ಮಾಡುವುದು ಕಷ್ಟ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡುವುದು ಕ್ಷೇಮ.

ಗುತ್ತಿಗೆದಾರನ ಕಷ್ಟ

ತಪ್ಪೆಲ್ಲ ಒಂದೇ ಕಡೆ ಇರುವುದಿಲ್ಲ. ಯಂತ್ರದ ಸಾಲದ ಕಂತು ತಿಂಗಳು ತಿಂಗಳೂ ಕಟ್ಟಬೇಕು. ಬೇಸಿಗೆಯ ಮೂರು ತಿಂಗಳಲ್ಲಿ ಎಲ್ಲರಿಗೂ ಒಟ್ಟಿಗೇ ಯಂತ್ರ ಬೇಕು, ಮಳೆಗಾಲದಲ್ಲಿ ಯಾರಿಗೂ ಬೇಡ. ಕೆಲಸ ಮುಗಿದ ಮೇಲೆ “ಸಹಾಯಧನ ಬರಲಿ, ಕೊಡುತ್ತೇವೆ” ಎಂದು ವರ್ಷಗಟ್ಟಲೆ ಅಲೆಸುವ ರೈತರೂ ಇದ್ದಾರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವವರಿಂದಲೇ ದೊಡ್ಡ ಮುಂಗಡ ಕೇಳುವ ಪದ್ಧತಿ ಬೆಳೆದಿದೆ. ಆದ್ದರಿಂದ ಕಂತಿನ ದಿನ ಬಂದಾಗ ರೈತನೂ ತಡಮಾಡಬಾರದು. ನಾಲ್ಕೈದು ರೈತರು ಕೂಡಿ, ಒಂದೇ ಊರಿನಲ್ಲಿ ಸಾಲಾಗಿ ಹೊಂಡ ತೆಗೆಸಿದರೆ ಯಂತ್ರದ ಓಡಾಟ ಉಳಿಯುತ್ತದೆ, ದರವೂ ಇಳಿಯುತ್ತದೆ, ಯಂತ್ರ ನಡುವೆ ಓಡಿಹೋಗುವುದೂ ತಪ್ಪುತ್ತದೆ. ಸುಗ್ಗಿ ಮುಗಿದ ಕೂಡಲೇ, ಯುಗಾದಿಗೆ ಮೊದಲೇ ಪ್ರಾರಂಭಿಸಿದರೆ ಇನ್ನೂ ಒಳ್ಳೆಯದು.

ಬೇಲಿ ಕಡೆಯ ಕೆಲಸವಲ್ಲ

ಮೇಲೆ ಹೇಳಿದ ಕುಟುಂಬಕ್ಕೆ ಬೇಲಿಯ ಮಾತನ್ನು ಯಾರೂ ಎತ್ತಲಿಲ್ಲ. ಕೈಯಲ್ಲಿ ಹಣವೂ ಉಳಿದಿರಲಿಲ್ಲ. ಹಾಳೆ ಹಾಕಿ ಹೊಂಡದಲ್ಲಿ ಎದೆಮಟ್ಟ ನೀರು ಬಂದ ಎಂಟನೆಯ ದಿನ ಮನೆಯ ಕರು ನೀರಿಗೆ ಜಾರಿತು. ಒದ್ದೆಯಾದ ಪ್ಲಾಸ್ಟಿಕ್ ಇಳಿಜಾರಿನಲ್ಲಿ ಗೊರಸು ಊರಲು ಆಗಲಿಲ್ಲ. ಸಂಜೆ ಹುಡುಕುತ್ತ ಬಂದಾಗ ಕರು ತೇಲುತ್ತಿತ್ತು. ಆ ರಾತ್ರಿ ಮನೆಯಾಕೆ ತನ್ನ ಏಳು ವರ್ಷದ ಮಗನನ್ನು ಪಕ್ಕದಿಂದ ಏಳಗೊಡಲಿಲ್ಲ.

ಹಾಳೆ ಹೊದಿಸಿದ ಹೊಂಡದಲ್ಲಿ ಈಜು ಬಲ್ಲವರೂ ಮೇಲೆ ಹತ್ತಲಾರರು. ಇಂಥ ಹೊಂಡಗಳಲ್ಲಿ ಮಕ್ಕಳು, ಅವರನ್ನು ಎತ್ತಲು ಹೋದ ದೊಡ್ಡವರು ಪ್ರಾಣ ಕಳೆದುಕೊಂಡ ಸುದ್ದಿ ನಮ್ಮ ರಾಜ್ಯದಲ್ಲಿ ಹೊಸದಲ್ಲ. ಆದುದರಿಂದ ಸುತ್ತ ಬೇಲಿ, ಬೀಗವಿರುವ ಗೇಟು, ನಾಲ್ಕು ಬದಿಗೂ ಗಂಟು ಹಾಕಿದ ಹಗ್ಗ ಇಳಿಬಿಡುವುದು, ಗಾಳಿ ತುಂಬಿದ ಹಳೆಯ ಟ್ಯೂಬನ್ನು ಹಗ್ಗಕ್ಕೆ ಕಟ್ಟಿ ತೇಲಿಬಿಡುವುದು, ಇವೆಲ್ಲ ಹೊಂಡದ ಖರ್ಚಿನಲ್ಲಿಯೇ ಸೇರಬೇಕು. ಬೇಲಿಗೆ ಹಣ ಸಾಲದಿದ್ದರೆ ಹೊಂಡವನ್ನು ಒಂದು ಅಳತೆ ಚಿಕ್ಕದಾಗಿ, 18 ಮೀಟರ್ ಚೌಕಕ್ಕೆ ಇಳಿಸಬೇಕೇ ಹೊರತು ಬೇಲಿಯನ್ನು ಬಿಡಬಾರದು.

ತಕರಾರು ಬಂದಾಗ

ಮೊದಲು ಊರ ಹಿರಿಯರ ಮುಂದೆ, ಕರಾರು ಪತ್ರ ಮತ್ತು ಅಳತೆಯನ್ನು ಇಟ್ಟು ಮಾತನಾಡಬೇಕು. ಆಗದಿದ್ದರೆ ಲಿಖಿತ ನೋಟೀಸು ಕೊಡಬೇಕು. ಹಣ ಪಡೆದು ಸೇವೆಯಲ್ಲಿ ಕೊರತೆ ಮಾಡಿದವರ ಮೇಲೆ 2019 ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಜೀವನೋಪಾಯಕ್ಕಾಗಿ ಸ್ವಂತ ಬೇಸಾಯ ಮಾಡುವ ರೈತ ‘ಗ್ರಾಹಕ’ನಲ್ಲ ಎಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯ 2012 ರಲ್ಲಿ ಬಿತ್ತನೆ ಬೀಜದ ಪ್ರಕರಣವೊಂದರಲ್ಲಿ ಒಪ್ಪಲಿಲ್ಲ. ಆದರೆ ಎಲ್ಲಿಗೆ ಹೋದರೂ ಕೇಳುವುದು ಕಾಗದವನ್ನು. ವಿಸ್ತರಣಾ ಕಾರ್ಯಕರ್ತರು ಸಹಾಯಧನದ ಅರ್ಜಿ ತುಂಬಿಸುವಾಗಲೇ ಒಂದು ಕರಾರು ನಮೂನೆಯನ್ನೂ ರೈತರ ಕೈಗೆ ಕೊಟ್ಟರೆ ಅರ್ಧ ತಕರಾರುಗಳು ಹುಟ್ಟುವುದೇ ಇಲ್ಲ.

ಮುಕ್ತಾಯ

ಆ ಕುಟುಂಬದ ಹೆಚ್ಚಿನ ಹಣ ಹಿಂದಕ್ಕೆ ಬರಲಿಲ್ಲ. ಬಹಳ ಮಾತಾದ ಮೇಲೆ ಗುತ್ತಿಗೆದಾರ ಕೋಡಿಯನ್ನು ಮಾತ್ರ ತೆಗೆದುಕೊಟ್ಟು, ಬಾಕಿಯನ್ನು ಬಿಟ್ಟುಕೊಟ್ಟ. ರಾಗಿ ತೆನೆ ಹೊರಡುವ ಕಾಲಕ್ಕೆ ಹೊಂಡದಲ್ಲಿ ಇದ್ದ ನೀರು ಮೂರು ಎಕರೆಗೆ ಸಾಕಾಯಿತು; ಮೇಲಿನ ಪಟ್ಟಿ ಒಣಗಿತು. ಅಡಕೆ ಮರ ಮಾರಿ ಬೇಲಿ ಹಾಕಿಸಲು ಅವರ ಬಳಿ ಅಡಕೆ ತೋಟವಿರಲಿಲ್ಲ. ಎರಡು ಕುರಿ ಮಾರಿ ಹಾಕಿಸಿದರು.

ಮರುವರ್ಷ ಯುಗಾದಿಗೆ ಮೊದಲು ಪಕ್ಕದ ಹೊಲದವರು ಹೊಂಡ ತೆಗೆಸಲು ಹೊರಟಾಗ, ಮೊದಲು ಬಂದು ಕೇಳಿದ್ದು ಆ ಗಂಟು ಹಾಕಿದ ಹಗ್ಗವನ್ನು. ಅದೇ ಗುತ್ತಿಗೆದಾರ, ಅದೇ ಯಂತ್ರ. ಹಗ್ಗ ನೋಡಿದವನೇ ಚಾಲಕನಿಗೆ, “ಆರು ಗಂಟು ಮುಟ್ಟೋವರ್ಗೂ ಅಗಿಯಪ್ಪಾ” ಎಂದನಂತೆ.

ರೈತ ಬಾಂಧವರೇ, ಅಳತೆ ಎಂಬುದು ಅಪನಂಬಿಕೆಯ ಗುರುತಲ್ಲ. ಅಳೆದು ಕೊಟ್ಟ ಹಣವನ್ನು ಅಳೆದು ಪಡೆದವನೂ ಮೆಚ್ಚುತ್ತಾನೆ. ನಿಮ್ಮ ಹೊಂಡ ಅಗೆಯುವ ದಿನ ಮನೆಯ ಒಬ್ಬರು ಹಗ್ಗ ಹಿಡಿದು ದಡದಲ್ಲಿ ನಿಲ್ಲಲಿ. ಮಳೆಗಾಲಕ್ಕೆ ಮುನ್ನ ನಿಮ್ಮೆಲ್ಲರ ಹೊಂಡಗಳು ಪೂರ್ಣ ಆಳಕ್ಕೆ, ಬೇಲಿಯ ಸಮೇತ ಸಿದ್ಧವಾಗಲಿ.